ಗೋಡೆಯ ಸಂದಿನ ಕೂದಲು

ನಮ್ಮ ಬನಹಟ್ಟಿಯ ಓಣಿಯಲ್ಲಿ ತಲೆ ಬಾಚಿದಾಗ ಉದುರಿದ ಕೂದಲನ್ನು ಹೆಂಗಸರು ಎಸೆಯುವುದಿಲ್ಲ. ಉಂಡೆ ಮಾಡಿ ಬಾಗಿಲ ಪಕ್ಕದ ಗೋಡೆಯ ಸಂದಿಗೆ ತುರುಕುತ್ತಾರೆ. ಕೂದಲಿನವನು ಬಂದರೆ ಅದನ್ನು ಕೊಟ್ಟು ಸೂಜಿ, ಪಿನ್ನು ತಗೊಳ್ಳುವುದು. ಉಂಡೆ ತಂದುಕೊಟ್ಟ ಮಗುವಿಗೆ ಅವನೊಂದು ಪೆಪ್ಪರಮಿಂಟು ಕೊಡುತ್ತಿದ್ದ. ಅಲೆಮಾರಿ ಮನುಷ್ಯ, ನಾನು ಸೊಸೆಯಾಗಿ ಬರುವ ಮೊದಲಿನಿಂದಲೂ ಅವನೇ ಬರುತ್ತಿದ್ದ.

ಆ ವರ್ಷ ಎಲ್ಲರ ಮೊಬೈಲಿಗೂ ಒಂದು ವಿಡಿಯೊ ಬಂತು. ಮಕ್ಕಳ ಕಳ್ಳರು ಬಂದಿದ್ದಾರಂತೆ, ಚಾಕಲೇಟು ಕೊಟ್ಟು ಎತ್ತಿಕೊಂಡು ಹೋಗುತ್ತಾರಂತೆ. ಯಾವ ಊರಿನದೋ, ಯಾವ ಭಾಷೆಯದೋ! ಮಗ್ಗದಲ್ಲಿ ಒಂದೆಳೆ ಹರಿದರೂ ಗುರುತು ಹಿಡಿಯುವ ನಮ್ಮ ಜಾಣ ಗಂಡಸರು ಅದನ್ನು ಮಾತ್ರ ಕಣ್ಣು ಮುಚ್ಚಿ ನಂಬಿದರು.

ಅವತ್ತು ಅತ್ತೆ ಕೂದಲುಂಡೆ ಕೊಟ್ಟು ನನ್ನ ಮಗಳನ್ನು ಅವನ ಹತ್ತಿರ ಕಳಿಸಿದ್ದರು. ಅವಳು ಪೆಪ್ಪರಮಿಂಟು ಬಾಯಿಗೆ ಹಾಕಿಕೊಂಡದ್ದೇ ತಡ, ಮಗ್ಗಗಳು ನಿಂತವು, ಗಂಡಸರು ಬೀದಿಗೆ ಬಿದ್ದರು. ಇವನು ಕೂದಲಿನವನು, ಮಗುವನ್ನು ನಾವೇ ಕಳಿಸಿದ್ದು ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ. ಕೇಳುವವರು ಯಾರು? ಅವರಿಗೆಲ್ಲ ಪೌರುಷ ಉಕ್ಕಿತ್ತು. ವರ್ಷವಿಡೀ ಮಗ್ಗದ ಮಾಲಕನ ಮುಂದೆ ಬಾಲ ಮುದುರಿ ನಿಲ್ಲುವ ಶೂರರು, ಸೂಜಿ ಮಾರುವ ಒಬ್ಬನ ಮೇಲೆ ಅಷ್ಟೂ ಜನ ಬಿದ್ದರು. ಹೊಡೆಯಲು ಜಾಗ ಸಿಗದವರು ವಿಡಿಯೊ ಮಾಡಿದರು. ಜಮಖಂಡಿಯ ಆಸ್ಪತ್ರೆ ಮುಟ್ಟುವ ಮೊದಲೇ ಅವನು ಸತ್ತಿದ್ದ.

ವಿಡಿಯೊಗಳನ್ನೆಲ್ಲ ಅಳಿಸಿ ಹಾಕಿ, ಪೊಲೀಸರು ಕೇಳಿದಾಗ ಓಣಿಗೆ ಓಣಿಯೇ ಅವನನ್ನು ಕಂಡೇ ಇಲ್ಲ ಎಂದಿತು. ಎಂಥಾ ಸಂಭಾವಿತರು! ನಾನು ಕಂಡದ್ದನ್ನೆಲ್ಲ ಹೇಳಿದೆ. ಹೊಡೆದವರಲ್ಲಿ ನನ್ನ ಮೈದುನನೂ ಇದ್ದ. ಅದಕ್ಕೆ ಓಣಿಯ ಹಿರಿಯರಾದ ನಮ್ಮ ಮಾವ, ಸೊಸೆ ಆಸ್ತಿಯ ಪಾಲಿಗಾಗಿ ಸುಳ್ಳು ಕಟ್ಟಿದ್ದಾಳೆ ಎಂದು ಊರೆಲ್ಲ ಸಾರಿದರು. ಅತ್ತೆಗೆ ಬಾಯಿ ಬಿಡಕೂಡದೆಂದು ತಾಕೀತು ಮಾಡಿದರು.

ಒಂದು ಮಧ್ಯಾಹ್ನ ಸತ್ತವನ ಹೆಂಡತಿ ಮುಧೋಳದ ಕಡೆಯಿಂದ ನಮ್ಮ ಬಾಗಿಲಿಗೆ ಬಂದಳು. ತನ್ನ ಮಕ್ಕಳನ್ನು ಕಳ್ಳನ ಮಕ್ಕಳು ಎಂದು ಕರೆಯುತ್ತಾರಂತೆ. ಮಗುವನ್ನು ಕಳಿಸಿದವರು ಅದನ್ನೊಂದು ಕೋರ್ಟಿನಲ್ಲಿ ಹೇಳಿದರೆ ಸಾಕು ಎಂದಳು.

ಮಾವ ಗಂಭೀರವಾಗಿ ವಿಭೂತಿ ಸರಿಮಾಡಿಕೊಂಡರು. "ನಿನ್ನ ಗಂಡನ್ನ ಈ ಮನಿಯವರು ಒಮ್ಮೆನೂ ನೋಡಿಲ್ಲವ್ವಾ," ಎಂದರು.

ಕೂದಲು ಎಲ್ಲಿರುತ್ತದೆಂದು ಅವಳಿಗೆ ಗೊತ್ತಿತ್ತು. ಬಾಗಿಲ ಪಕ್ಕದ ಸಂದಿಗೆ ಕೈ ಹಾಕಿದಳು. ಒಂದು ಉಂಡೆ ಬಂತು, ಅದರ ಹಿಂದೆ ಇನ್ನೊಂದು. ಎಲ್ಲವೂ ಅತ್ತೆಯ ಬಿಳಿಗೂದಲು. ಅವನು ಸತ್ತ ಮೇಲೂ ಅವರ ಕೈ ರೂಢಿ ಬಿಟ್ಟಿರಲಿಲ್ಲ. ಅವಳು ಅವನ್ನು ಅಂಗೈಯಲ್ಲಿಟ್ಟು ಅತ್ತೆಯ ಮುಂದೆ ಹಿಡಿದಳು.

"ಮತ್ತ ಇದನ್ನ ಯಾರಿಗಂತ ಕೂಡಿಟ್ಟೀರಿ, ಯವ್ವಾ?"

ಅತ್ತೆ ಆ ಉಂಡೆಗಳನ್ನು ಕೈಗೆ ತಗೊಂಡರು. "ನಿನ್ನ ಗಂಡಗ," ಎಂದರು. "ಕೂಸಿನ್ನ ಕಳಿಸಿದಾಕಿನೂ ನಾನ. ಕೋರ್ಟಿನ್ಯಾಗ ಹೇಳತೇನಿ."

ಮಾವನ ಗಾಂಭೀರ್ಯವೆಲ್ಲ ಇಳಿಯಿತು. "ಹೊಡದವರೊಳಗ ನಿನ್ನ ಮಗನೂ ಅದಾನ, ಖಬರ ಐತೇನು?" ಎಂದರು.

"ಐತಿ," ಎಂದರು ಅತ್ತೆ. "ಮೊದಲ ಅವನ ಹೆಸರ ಹೇಳತೇನಿ."