ತೊಳೆದಷ್ಟೂ ಸಾಯುತ್ತಿದ್ದ ಮೀನುಗಳು

ಮೊದಲನೇ ಗಪ್ಪಿ ಮೀನು ಸತ್ತಾಗ ಅದನ್ನ ಮಾರಿದ ಅಂಗಡಿಯವನನ್ನು ಬೈದೆ. ಎರಡನೇದು ಸತ್ತಾಗ ಟ್ಯಾಂಕರ್ ನೀರನ್ನು ಬೈದೆ. ಮೂರನೇದು ಹೊಟ್ಟೆ ಮೇಲೆ ಮಾಡ್ಕೊಂಡು ತೇಲಿದಾಗ, ಬಾಗಿಲ ಹತ್ತಿರ ಕೂತು ಸೊಪ್ಪು ಸೋಸ್ತಿದ್ದ ನಮ್ಮತ್ತೆ ತಲೆ ಎತ್ತದೆ ಅಂದರು: "ನಿನ್ನ ಕೈಗುಣಾನ ಹಂಗ ಐತಿ ಬಿಡವ್ವ."

ಆ ಮಾತು ಬರೀ ಮೀನಿನ ಬಗ್ಗೆ ಅಲ್ಲ ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಎರಡು ಸಲ ನನ್ನ ಬಸಿರು ನಿಂತಿರಲಿಲ್ಲ. "ನಿಮ್ಮದೇನೂ ತಪ್ಪಿಲ್ಲಮ್ಮ" ಅಂದಿದ್ದರು ಡಾಕ್ಟರಮ್ಮ. ಅವರ ಮಾತು ಕಿವಿಗೆ ಬಿದ್ದಿತ್ತು, ಮನಸ್ಸಿಗೆ ಇಳಿದಿರಲಿಲ್ಲ. ಕುಂಡದಲ್ಲಿ ನೆಟ್ಟ ತುಳಸಿ ಒಣಗಿದರೂ ನನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡ್ಕೊಳ್ತಿದ್ದೆ. ಈ ಮೀನುಗಳಾದರೂ ಬದುಕಿಬಿಡಲಿ, ನಾನು ಮುಟ್ಟಿದ್ದೂ ಉಳಿಯುತ್ತೆ ಅಂತ ನನಗೇ ಗೊತ್ತಾಗಲಿ ಅನ್ನೋದೊಂದೇ ನನ್ನಾಸೆ.

ನಾವು ಕೊಪ್ಪಳ ಕಡೆಯವರು. ಸಿ.ವಿ. ರಾಮನ್ ನಗರದ ಬಾಡಿಗೆ ರೂಮಲ್ಲಿ ನಾನು, ಗಂಡ, ಅತ್ತೆ ಮೂರೇ ಜನ. ಗಂಡನಿಗೆ ಟೆಕ್ ಪಾರ್ಕಲ್ಲಿ ಹೌಸ್‌ಕೀಪಿಂಗ್ ಕೆಲಸ. ಯಾವುದೋ ಆಫೀಸು ಖಾಲಿ ಮಾಡುವಾಗ ಬಿಸಾಕಲಿಕ್ಕಿದ್ದ ಗಾಜಿನ ತೊಟ್ಟಿಯನ್ನ ಆಟೋದಲ್ಲಿ ತೊಡೆ ಮೇಲಿಟ್ಕೊಂಡು ತಂದಿದ್ದರು. ಕಲ್ಲು, ಸ್ಪಂಜಿನ ಫಿಲ್ಟರು, ಮೀನು ಎಲ್ಲಾ ಶಿವಾಜಿನಗರದಿಂದ ಬಂದವು.

"ನೀರು ಕ್ಲೀನಾಗಿಟ್ಕೊಳ್ಳಿ ಅಕ್ಕಾ, ಏನೂ ಆಗಲ್ಲ" ಅಂದಿದ್ದ ಅಂಗಡಿಯವನು. ಅಯ್ಯೋ, ಕ್ಲೀನಿನ ವಿಷಯ ನಮಗೆ ಹೇಳ್ಕೊಡಬೇಕಾ! ನಮ್ಮಲ್ಲಿ ಅಮಾಸಿ ಬಂತಂದರೆ ತಂಗಳ ನೀರು ಹನಿಯೂ ಉಳಿಯದಂಗೆ ಚೆಲ್ಲಿ, ಹುಣಸೆಹಣ್ಣು ಉಪ್ಪು ಹಾಕಿ ಕೊಡ ತಿಕ್ಕಬೇಕು. ಒಳಗೆ ಬೆರಳಾಡಿಸಿದರೆ ಕಿರ್ ಅನ್ನಬೇಕು. ಬೆರಳಿಗೆ ಲೋಳೆ ಹತ್ತಿತೋ, ಆ ಮನೆ ಹೆಂಗಸಿನ ಮಾನ ಹೋಯ್ತು. ತೊಟ್ಟಿಗೂ ನಾನು ಅದೇ ಮಾಡಿದೆ. ಹುಣಸೆಹಣ್ಣು, ಸೋಪು ಮುಟ್ಟಿಸಲಿಲ್ಲ, ಅಷ್ಟು ಬುದ್ಧಿ ಇತ್ತು. ಮೀನುಗಳನ್ನ ಬಕೆಟ್ಟಿಗೆ ಬಿಟ್ಟು, ನೀರೆಲ್ಲಾ ಚೆಲ್ಲಿ, ಕಲ್ಲನ್ನ ಅಕ್ಕಿ ತೊಳೆದ ಹಾಗೆ ತೊಳೆದು, ಸ್ಪಂಜನ್ನ ನಲ್ಲಿ ಕೆಳಗೆ ಹಿಂಡಿ ಹಿಂಡಿ ಬೆಳ್ಳಗೆ ಮಾಡ್ತಿದ್ದೆ. ಒಂದು ಮೀನು ಸತ್ತರೆ ಅಮಾಸಿಗೂ ಕಾಯದೆ ಮತ್ತೆ ತೊಳೀತಿದ್ದೆ.

ಟ್ಯಾಂಕರ್ ನೀರು ಬಿಟ್ಟು ಕಾವೇರಿ ನೀರು ಹಿಡಿದಿಟ್ಟು ಹಾಕಿದೆ. ಮೀನಿಗೆ ಹಾಕೋ ಊಟ ಕಮ್ಮಿ ಮಾಡಿದೆ. ಬಿಸಿಲು ಬೀಳುತ್ತೆ ಅಂತ ತೊಟ್ಟಿಯನ್ನ ಕಿಟಕಿಯಿಂದ ಸರಿಸಿದೆ. ಆದರೂ ಸಾಯೋದು ನಿಲ್ಲಲಿಲ್ಲ.

ಅಷ್ಟರಲ್ಲಿ ನನಗೆ ಚಿಕೂನ್‌ಗುನ್ಯಾ ಬಂದುಬಿಡ್ತು. ಬೆರಳು ಮಡಚೋಕಾಗದು, ಟೀ ಲೋಟ ಹಿಡಿಯೋಕಾಗದು. ಗಂಡ ಬೆಳಿಗ್ಗೆ ಮೀನಿಗೆ ಚಿಟಿಕೆ ಊಟ ಹಾಕಿ ಕೆಲಸಕ್ಕೆ ಹೋಗ್ತಿದ್ದರು, ಅಷ್ಟೇ. ಮೂರ್ನಾಲ್ಕು ವಾರ ಚಾಪೆ ಮೇಲೆ ಮಲಗಿ ತೊಟ್ಟಿ ನೋಡ್ತಿದ್ದೆ. ನೀರು ಮಬ್ಬಾಯ್ತು, ಕಲ್ಲು ಕಂದಾಯ್ತು. ಎದ್ದು ತಿಕ್ಕಿಬಿಡೋಣ ಅಂತ ಜೀವ ಚಡಪಡಿಸ್ತಿತ್ತು. ಆದರೆ ಉಳಿದಿದ್ದ ಮೀನುಗಳಲ್ಲಿ ಒಂದೂ ಸಾಯಲಿಲ್ಲ. ನಿಧಾನಕ್ಕೆ ನೀರೂ ತಾನಾಗೇ ತಿಳಿಯಾಯ್ತು.

ಖುಷಿಯಾಗಬೇಕಿತ್ತು. ಆಗಲಿಲ್ಲ. ನಾನು ಕೈ ಹಾಕದೆ ಇದ್ದಿದ್ದಕ್ಕೇ ಬದುಕಿದವು. ಹಂಗಾದರೆ ಅತ್ತೆ ಹೇಳಿದ್ದೇ ನಿಜ. ಹೊದ್ದಿಕೆ ಮುಖಕ್ಕೆಳ್ಕೊಂಡು ಸಾಕಾಗೋವರೆಗೂ ಅಳ್ತಾ ಬಿದ್ಕೊಂಡೆ.

ಗಂಡ ಬಂದವರು ಯಾಕಂತ ಕೇಳಿದರು. ಹೇಳಿದೆ. ಅವರು ಫೋನ್ ತೆಗೆದು ಒಂದಾದ ಮೇಲೊಂದು ಮೀನಿನ ವಿಡಿಯೋ ನೋಡ್ತಾ ಕೂತರು. ಆಮೇಲೆ ನನ್ನನ್ನ ಎಬ್ಬಿಸಿ ಕೂರಿಸಿ ಹೇಳಿದರು. ಮೀನಿನ ಹೊಲಸಿನಿಂದ ನೀರಲ್ಲಿ ವಿಷ ಆಗ್ತದಂತೆ. ಆ ವಿಷ ತಿನ್ನೋ ಕಣ್ಣಿಗೆ ಕಾಣದ ಜೀವಗಳು ಕಲ್ಲು, ಸ್ಪಂಜಿನ ಮೇಲಿನ ಲೋಳೆಯಲ್ಲೇ ಇರ್ತವಂತೆ. ಹೊಸ ತೊಟ್ಟಿಯಲ್ಲಿ ಅವು ಬೆಳೆಯೋಕೆ ವಾರಗಟ್ಟಲೆ ಬೇಕಂತೆ, ಅಲ್ಲೀತನಕ ಸ್ವಲ್ಪ ಸ್ವಲ್ಪ ನೀರಷ್ಟೇ ಬದಲಾಯಿಸಬೇಕಂತೆ. "ನೀ ಪ್ರತಿ ಸಲ ತಿಕ್ಕಿ ತಿಕ್ಕಿ ಅವನ್ನೆಲ್ಲ ಚರಂಡಿಗೆ ಬಿಟ್ಟಿ. ಕೈಗುಣ ಅಲ್ಲ ಹುಚ್ಚಿ, ಅತಿ ತೊಳದಿ."

ಮುಂದಿನ ಅಮಾಸಿಗೆ ಅತ್ತೆ ಕೊಡ ತಿಕ್ಕುತ್ತಾ ಕೂತವರು ತೊಟ್ಟಿ ಕಡೆ ನೋಡಿದರು. "ಎಷ್ಟ್ ಹೊಲಸ್ ಹಿಡದೈತಿ, ನಾನರ ತೊಳಿಲೇನು?"

"ಕೈ ಹಚ್ಚಬ್ಯಾಡ್ರಿ ಅತ್ತಿ!" ಜೋರಾಗೇ ಅಂದುಬಿಟ್ಟೆ. ಆಮೇಲೆ ಗಂಡ ಹೇಳಿದ್ದನ್ನೆಲ್ಲ ಹೇಳಿದೆ. ನಗ್ತಾರೆ ಅಂದ್ಕೊಂಡಿದ್ದೆ. ಅವರು ತಿಕ್ಕೋದು ನಿಲ್ಲಿಸಿ ಕೊಡ ಪಕ್ಕಕ್ಕಿಟ್ಟರು.

"ನಿನ್ನ ಗಂಡ ಹುಟ್ಟೂಕಿಂತ ಮೊದಲ ನನ್ನವೂ ಎರಡು ಕೂಸು ಹೋದವವ್ವ," ಅಂದರು. "ನಮ್ಮತ್ತಿ ಸಾಯೂತನಕ ಮತ್ತೊಬ್ಬರ ಕೂಸನ್ನ ಎತ್ತಿಕೊಳ್ಳಾಕ ನನ್ನ ಬಿಡಲಿಲ್ಲ."

ನನಗೆ ಮೈಯೆಲ್ಲಾ ಉರಿದುಹೋಯ್ತು. "ಇಷ್ಟೆಲ್ಲ ಉಂಡಿದ್ರಿ, ಮತ್ತ ನನಗ್ಯಾಕ ಹಂಗಂದ್ರಿ?"

"ಯಾರ ಮ್ಯಾಲರ ಹಾಕಬೇಕಲ್ಲವ್ವ," ಅಂದರು. "ದೇವರ ಮ್ಯಾಲ ಹಾಕಾಕ ಅಂಜಿಕಿ ಬರತೈತಿ."

ಅವತ್ತೇ ಅವರ ಮೇಲಿನ ಸಿಟ್ಟು ಇಳೀತು ಅಂದರೆ ಸುಳ್ಳಾಗುತ್ತೆ. ಆದರೆ ಪಕ್ಕದಲ್ಲಿ ಕೂತು ಆ ಎರಡು ಕೂಸುಗಳ ಬಗ್ಗೆ ಕೇಳಿದೆ, ಹೆಣ್ಣೋ ಗಂಡೋ, ಯಾರ ಹಾಗಿದ್ದವು ಅಂತ. ಇಷ್ಟು ವರ್ಷದಲ್ಲಿ ಯಾರೂ ಅವರನ್ನ ಅದನ್ನ ಕೇಳಿರಲಿಲ್ಲವಂತೆ. ಒದ್ದೆ ಕೈಯಲ್ಲೇ ಕಣ್ಣೊರೆಸ್ಕೊಂಡು, ದೊಡ್ಡ ಕೂಸಿನಿಂದ ಹೇಳೋಕೆ ಶುರು ಮಾಡಿದರು.