ವೃಷಭಾವತಿಗೆ ಒಂದು ಮೊರದ ಬಾಗಿನ

ಒಂದು ಜೊತೆ ಬಿದಿರಿನ ಮೊರವನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟುವುದು ನೀವು ಅಂದುಕೊಂಡಷ್ಟು ಸುಲಭವಲ್ಲ. ಅಡ್ಡಡ್ಡ ಕಟ್ಟಿದರೆ ಪಕ್ಕದ ಆಟೋಗೆ ತಗಲುತ್ತದೆ, ಉದ್ದುದ್ದ ಕಟ್ಟಿದರೆ ಸೀಟಿನ ಮೇಲೆ ಕೂತವನ ಬೆನ್ನಿಗೆ ಚುಚ್ಚುತ್ತದೆ. ಬೆನ್ನಾದರೆ ನನ್ನದು, ಆಟೋ ನನ್ನದಲ್ಲ ಎಂದು ಉದ್ದಕ್ಕೇ ಕಟ್ಟಿದೆ. ಎರಡು ಮೊರಗಳ ನಡುವೆ ತರಗುಪೇಟೆಯಿಂದ ತಂದ ತೊಗರಿಬೇಳೆ, ಅಕ್ಕಿ, ಬೆಲ್ಲದಚ್ಚು, ಹಸಿರು ಗಾಜಿನ ಬಳೆ, ಅರಿಶಿನ ಕುಂಕುಮ, ಒಂದು ರವಿಕೆ ಕಣ, ಒಂದು ಹಿಡಿ ಸೇವಂತಿಗೆ. ಗೌರಿ ಹಬ್ಬಕ್ಕೆ ತವರಿನವರು ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ಕೊಟ್ಟು ಬರುವ ಬಾಗಿನ ಇದೇ. ವ್ಯತ್ಯಾಸವಿಷ್ಟೇ, ನಾನು ಹೊರಟದ್ದು ಹಬ್ಬದ ದಿನವಲ್ಲ, ಮತ್ತು ಬಾಗಿನ ಪಡೆಯಬೇಕಾಗಿದ್ದವಳು ಒಂದು ಹೊಳೆ.

ಇದಕ್ಕೆಲ್ಲ ಕಾರಣ ನನ್ನ ಅಕ್ಕ. ಅಮ್ಮ ಹೋದಾಗ ನನಗೆ ನಾಲ್ಕು ವರ್ಷ, ಅವಳಿಗೆ ಹತ್ತೊಂಬತ್ತು. ಅಂದಿನಿಂದ ನನ್ನನ್ನು ಬದುಕಿಸಿಡುವುದು ತನ್ನ ಉದ್ಯೋಗವೆಂದು ಅವಳು ತಿಳಿದಿದ್ದಾಳೆ. ಹೋದ ವರ್ಷ ನನ್ನ ಹೃದಯದ ರಕ್ತನಾಳಗಳು ಮೂರು ಕಡೆ ಕಟ್ಟಿಕೊಂಡು ನಾನು ಆಸ್ಪತ್ರೆ ಸೇರಿದಾಗ, ಅವಳು ಹನುಮಂತನಗರದ ಮನೆಯಲ್ಲಿ ಕೂತಲ್ಲೇ ಹರಕೆ ಹೊತ್ತಳು: ತಮ್ಮ ಉಳಿದರೆ, ತನ್ನ ಕಾಲಿನ ಬಲದಿಂದಲೇ ಬಂದು ವೃಷಭಾವತಿಗೆ ಬಾಗಿನ ಒಪ್ಪಿಸುತ್ತಾನೆ. ನಮ್ಮ ಕುಟುಂಬದಲ್ಲಿ ಹರಕೆ ಹೊರುವವರೊಬ್ಬರು, ತೀರಿಸುವವರು ಇನ್ನೊಬ್ಬರು. ಬಸವನ ಪಾದದ ಬುಡದಲ್ಲಿ ಹುಟ್ಟಿದ ಹೊಳೆ ಬಸವನಗುಡಿಯ ಹೆಣ್ಣುಮಗಳು, ಆದ್ದರಿಂದ ತವರಿನ ಬಾಗಿನ ಅವಳಿಗೆ ಸಲ್ಲಬೇಕು ಎಂಬುದು ಅಕ್ಕನ ವಾದ. ಹೆಂಡತಿ ಕಾರಿನಲ್ಲಿ ಹೋಗಿಬರೋಣ ಎಂದಳು. ಹರಕೆಯಲ್ಲಿ ಕಾರು ಇಲ್ಲ ಎಂದಳು ಅಕ್ಕ. ಡಾಕ್ಟರು ಸೈಕಲ್ ತುಳಿಯಿರಿ ಎಂದಿದ್ದರು. ಎಷ್ಟು ದೂರ ಎಂದು ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಇಲ್ಲೊಂದು ತೊಡಕಿತ್ತು, ಅದನ್ನು ನಿಮ್ಮಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ. ಅಕ್ಕ ಹುಡುಗಿಯಾಗಿದ್ದಾಗ ಅಮ್ಮನ ಜೊತೆ ಕೆಂಗೇರಿಯ ಕಡೆ ಹೋಗಿ ಆ ಹೊಳೆಯಲ್ಲಿ ಮುಳುಗಿ ಎದ್ದವಳು. ಮಂಡಿನೋವಿನಿಂದ ಮನೆ ಹಿಡಿದು ಎಷ್ಟೋ ವರ್ಷವಾಯಿತು. ನಾನು ಮೈಸೂರು ರಸ್ತೆಯ ಕಡೆ ಹೋಗಿ ಬಂದಾಗಲೆಲ್ಲ, “ಹೊಳೆ ಹೇಗಿದ್ಯೋ?” ಎಂದು ಕೇಳುತ್ತಿದ್ದಳು. “ಹರೀತಿದೆ ಅಕ್ಕ” ಎನ್ನುತ್ತಿದ್ದೆ. ಅದು ಸುಳ್ಳಲ್ಲ. ಏನು ಹರಿಯುತ್ತಿದೆ ಎಂದು ಅವಳು ಕೇಳಲಿಲ್ಲ. ಈಗ ಬಾಗಿನ ಒಪ್ಪಿಸದೆ ಬಂದರೆ ತಮ್ಮನ ಆಯುಸ್ಸಿನ ಚಿಂತೆ ಅವಳನ್ನು ಹಗಲಿರುಳು ತಿನ್ನುತ್ತದೆ. ಯಾಕೆ ಒಪ್ಪಿಸಲಿಲ್ಲ ಎಂದು ಹೇಳಿದರೆ ಅವಳೊಳಗೆ ಇನ್ನೂ ತಿಳಿಯಾಗಿ ಹರಿಯುತ್ತಿರುವ ಹೊಳೆಯನ್ನು ನಾನೇ ಕೆಡಿಸಿದಂತಾಗುತ್ತದೆ. ಆ ಹೊಳೆಯಲ್ಲಿ ನಮ್ಮ ಅಮ್ಮನೂ ಇದ್ದಾಳೆ. ಆದ್ದರಿಂದ ಸ್ವಲ್ಪವಾದರೂ ಮರ್ಯಾದೆಯ ನೀರು ಸಿಗುವವರೆಗೆ ತುಳಿಯುವುದೆಂದು ತೀರ್ಮಾನಿಸಿ ಬೆಳಗಿನ ಜಾವ ಹೊರಟೆ.

ಹೊಳೆಯ ಪಕ್ಕದಲ್ಲೇ ಸಾಗುವ ಸೈಕಲ್ ಪ್ರವಾಸಗಳ ಬಗ್ಗೆ ನೀವೂ ಓದಿರುತ್ತೀರಿ. ಅವುಗಳಲ್ಲಿ ಹಕ್ಕಿಗಳು ಬರುತ್ತವೆ. ನನ್ನ ಹೊಳೆ ಮೊದಲಿಗೆ ಕಾಣಲೇ ಇಲ್ಲ, ರಸ್ತೆಗಳ ಕೆಳಗೆ ಕತ್ತಲಲ್ಲಿ ಹೋಗುತ್ತಿತ್ತು. ಮೈಸೂರು ರಸ್ತೆ ಸೇರಿದ ಮೇಲೆ ಅದು ಎಲ್ಲಿದೆ ಎಂದು ಹುಡುಕುವ ಶ್ರಮ ಇರಲಿಲ್ಲ, ಕಣ್ಣು ಮುಚ್ಚಿದರೂ ತಿಳಿಯುತ್ತಿತ್ತು. ನಗರ ತನ್ನ ಮಗಳಿಗೆ ದಿನಾ ಬೆಳಗ್ಗೆ ಏನೇನು ಕೊಟ್ಟು ಕಳಿಸುತ್ತದೆ ಎಂದು ವಿವರಿಸಬೇಕಾಗಿಲ್ಲ. ತ್ಯಾಗರಾಜನಗರದ ನನ್ನ ಮನೆಯಿಂದಲೂ ಆ ಬೆಳಗಿನ ಪಾಲು ಹೋಗಿತ್ತು, ಪ್ರಾಯಶಃ ನನಗಿಂತ ಮೊದಲೇ ಕೆಂಗೇರಿ ತಲುಪಿತ್ತು. ಅಲ್ಲಿ ನೀರು ಡಾಂಬರಿನ ಬಣ್ಣಕ್ಕಿತ್ತು. ನಾನು ಇಳಿಯಲಿಲ್ಲ.

ಕುಂಬಳಗೋಡಿನ ಬಳಿ ಬಿಗಿ ಉಡುಪಿನ ಸೈಕಲ್ ಸವಾರನೊಬ್ಬ ಪಕ್ಕಕ್ಕೆ ಬಂದು, “ಅಂಕಲ್, ಎಲ್ಲೀವರ್ಗೂ?” ಎಂದ. ನೀರು ತಿಳಿಯಾಗುವವರೆಗೆ ಎಂದೆ. ಅವನು ಹೊಳೆಯನ್ನೊಮ್ಮೆ, ಮೊರವನ್ನೊಮ್ಮೆ ನೋಡಿ, “ಹಂಗಾದ್ರೆ ಟಿಫನ್ ಜಾಸ್ತಿ ಮಾಡ್ಕೊಳ್ಳಿ” ಎಂದು ಮುಂದೆ ಹೋದ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದೆ. ಬೈರಮಂಗಲದ ಕಡೆ ಹೊರಳಿ, ಏರಿನಲ್ಲಿ ಇಳಿದು ತಳ್ಳುತ್ತ, ಇಳಿಜಾರಿನಲ್ಲಿ ದೇವರನ್ನು ನೆನೆಯುತ್ತ, ಮಧ್ಯಾಹ್ನದ ಹೊತ್ತಿಗೆ ಒಂದು ಸಣ್ಣ ಸೇತುವೆ ಮುಟ್ಟಿದೆ. ಕೆಳಗೆ ಹೊಳೆ ಬೆಳ್ಳಗಿತ್ತು. ಒಂದು ಕ್ಷಣ ಸಂತೋಷವಾಯಿತು. ಆಮೇಲೆ ಅದು ನೊರೆ ಎಂದು ಗೊತ್ತಾಯಿತು.

ಇನ್ನು ಮುಂದೆ ತುಳಿಯಲಾರೆ ಎಂದು ಎದೆಯೇ ಹೇಳಿತು. ದಡದಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸು ಕುಡುಗೋಲು ಕೆಳಗಿಟ್ಟು, “ಯಾರ ಮನೇಗೆ ಬಾಗಿನ?” ಎಂದು ಕೇಳಿದಳು. ಹೊಳೆಗೆ ಎಂದೆ. ಅವಳು ನಗಲಿಲ್ಲ. “ನಮ್ಮತ್ತೆ ಬಿಡೋರು. ನಾನು ಬಂದ್ಮೇಲೆ ಯಾರೂ ಬಿಟ್ಟಿದ್ದು ನೋಡಿಲ್ಲ” ಎಂದಳು.

ಅಷ್ಟರಲ್ಲಿ ಅಕ್ಕನ ಫೋನು ಬಂತು. “ಬಿಟ್ಟ್ಯೇನೋ?” ಎಂದಳು. ಬಿಟ್ಟೆ ಎಂದು ಹೇಳಲು ಬಾಯಿ ತೆರೆದೆ. ಐವತ್ತೇಳು ವರ್ಷ ನನ್ನನ್ನು ಕಾಯ್ದವಳಿಗೆ ಆ ಒಂದು ಮಾತು ಹೇಳಲು ಆಗಲಿಲ್ಲ.

“ಇಲ್ಲ ಅಕ್ಕ. ಹೊಳೆ ಕೆಟ್ಟೋಗಿದೆ. ಕಪ್ಪು, ನೊರೆ, ವಾಸನೆ. ಬಾಗಿನ ಬಿಡೋ ಹಂಗಿಲ್ಲ. ನಿಂಗೆ ಇಷ್ಟು ದಿನ ಹೇಳಿರ್ಲಿಲ್ಲ.”

ಅವಳು ಅಳುತ್ತಾಳೆ ಎಂದುಕೊಂಡೆ.

“ಪೇಪರ್ ಓದ್ತೀನಲ್ಲೋ ನಾನು” ಎಂದಳು ಅಕ್ಕ. “ನೀನು ನೊಂದ್ಕೋತೀಯ ಅಂತ ಸುಮ್ನಿದ್ದೆ. ನಿನ್ನೆದೇಲೂ ಮೂರು ಕಡೆ ಕಟ್ಕೊಂಡಿತ್ತು. ಕೆಟ್ಟೋಗಿದೆ ಅಂತ ನಿನ್ನ ಕೈಬಿಟ್ನಾ ನಾನು? ಹುಷಾರಿಲ್ದೇ ಇರೋ ಮಗಳಿಗೆ ಅಲ್ವೇನೋ ತವರಿನೋರು ಮೊದ್ಲು ಹೋಗ್ಬೇಕಾದ್ದು?”

ಕಣ್ಣು ತುಂಬಿತು, ಕಾರಣ ಹೊಳೆಯ ಗಾಳಿ ಎಂದು ಹೇಳಬಹುದಾಗಿತ್ತು, ಆದರೆ ಅಲ್ಲ.

“ಬೇಳೆ, ಬೆಲ್ಲ, ಬಳೆ, ಕಣ ಅಲ್ಲಿ ಯಾರಾದ್ರೂ ಹೆಣ್ಣುಮಗಳಿದ್ರೆ ಮಡಿಲು ತುಂಬು. ಅರಿಶಿನ ಕುಂಕುಮ ಹೂವು ಅವಳಿಗೆ” ಎಂದಳು. ಅವಳು ಎಂದರೆ ಹೊಳೆ.

ಹುಲ್ಲಿನ ಹೆಂಗಸು ಕೈ ತೊಳೆದುಕೊಂಡು ಸೆರಗೊಡ್ಡಿದಳು, ಆಮೇಲೆ ನನ್ನ ಫೋನು ಹಿಡಿದುಕೊಂಡು ನಿಂತಳು. ನಾನು ದಡಕ್ಕಿಳಿದು, ಅರಿಶಿನ ಕುಂಕುಮ ಹೂವು ಉಳಿದಿದ್ದ ಮೊರದ ಜೊತೆಯನ್ನು ನೀರಿಗಿಟ್ಟೆ. ಅದು ಎರಡು ಮಾರು ಹೋಗಿ, ಕಸ ಕಟ್ಟಿಕೊಂಡಿದ್ದ ಕಡೆ ನಿಂತುಬಿಟ್ಟಿತು. ಷೂ ಬಿಚ್ಚಿ, ಮೊಣಕಾಲಿನವರೆಗೆ ಆ ನೀರಿಗಿಳಿದು, ಎರಡೂ ಕೈಯಿಂದ ಕಸ ಸರಿಸಿದೆ. ಮೊರ ಒಮ್ಮೆ ತಿರುಗಿ ಹೊರಟಿತು.

“ಹೋಯ್ತೇನಮ್ಮ?” ಫೋನಿನಲ್ಲಿ ಅಕ್ಕ ಕೇಳುತ್ತಿದ್ದಳು.

“ಹೋಗ್ತಾ ಐತೆ ಕಣಮ್ಮ” ಎಂದಳು ಆಕೆ. “ನಿಮ್ಮ ತಮ್ಮನೋರು ನೀರಲ್ಲೇ ನಿಂತವ್ರೆ.”