ಅಗಲವಾದ ಬೈತಲೆ

ಮಹಾಮಾಯಾ ಭಾಲ್ಕಿಯ ಒಂದು ವಾಚನಾಲಯದಲ್ಲಿ ಗ್ರಂಥಪಾಲಕಿ. ನಲವತ್ತರ ಆಸುಪಾಸು, ಮದುವೆಯಾಗಿಲ್ಲ, ಬಾಡಿಗೆ ಕೋಣೆಯಲ್ಲಿ ಒಬ್ಬಳೇ ವಾಸ. ಯಾರೇ ಮೇಜಿನ ಹತ್ತಿರ ಬಂದರೂ ಅವಳು ಎದ್ದು ನಿಲ್ಲುತ್ತಿದ್ದಳು. ಓದಲು ಬರುವವರು ಅದನ್ನು ಮರ್ಯಾದೆ ಎಂದುಕೊಂಡಿದ್ದರು. ನಿಜವೇ ಬೇರೆ. ಕುಳಿತಿದ್ದರೆ ನಿಂತವರ ಕಣ್ಣಿಗೆ ಅವಳ ನೆತ್ತಿ ಬೀಳುತ್ತಿತ್ತು. ಬೈತಲೆ ಅಗಲವಾಗುತ್ತ ಹೋಗಿ, ಟ್ಯೂಬ್‌ಲೈಟಿನ ಕೆಳಗೆ ಚರ್ಮ ಹೊಳೆಯುತ್ತಿತ್ತು.

ತಾಯಿ ಭಾಗೀರಥಿಬಾಯಿ ತೀರಿಕೊಂಡ ಮರುವರ್ಷ ಕೂದಲು ಉದುರಲು ಶುರುವಾಗಿತ್ತು. ಈರುಳ್ಳಿ ರಸ ಹಚ್ಚಿದಳು, ಮೆಂತ್ಯ ಅರೆದು ಹಚ್ಚಿದಳು, ಮೊಬೈಲಿನಲ್ಲಿ ಕಂಡ ಎಣ್ಣೆಗಳನ್ನೆಲ್ಲ ತರಿಸಿದಳು. ಬಾಚಣಿಗೆಯಲ್ಲಿ ಸಿಗುವ ಉಂಡೆ ಮಾತ್ರ ಸಣ್ಣದಾಗಲಿಲ್ಲ. ಕೊನೆಗೆ ಒಂದು ದಿನ ರಜೆ ಹಾಕಿ ಬೀದರಿಗೆ, ಚರ್ಮದ ಡಾಕ್ಟರ್ ಕುಬರಾ ಅವರ ದವಾಖಾನೆಗೆ ಹೋದಳು.

ಡಾಕ್ಟರು ಅವಳನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಕೂದಲನ್ನು ಎಳೆ ಎಳೆಯಾಗಿ ಸರಿಸಿ ನೋಡಿದರು. ಬೆರಳುಗಳು ನೆತ್ತಿಯ ಮೇಲೆ ನಿಧಾನವಾಗಿ ಓಡಾಡಿದವು. ಮಹಾಮಾಯಾಳ ಕಣ್ಣು ತುಂಬಿ ಬಂತು.

"ನೋವಾಯ್ತೇನ್ರಿ?"

"ಇಲ್ರೀ ಮೇಡಂ."

ಅವ್ವ ಹೋದ ಮೇಲೆ ತನ್ನ ತಲೆ ಮುಟ್ಟಿದವರೇ ಇರಲಿಲ್ಲ ಎಂದು ಹೇಳುವುದು ಹೇಗೆ? ಕೂದಲಿನ ದುಃಖಕ್ಕೇ ಅಳುತ್ತಿದ್ದಾಳೆಂದು ಡಾಕ್ಟರು ತಿಳಿದರು.

"ಪಿಆರ್‌ಪಿ ಮಾಡಬಹುದು" ಎಂದರು ಸಮಾಧಾನದ ದನಿಯಲ್ಲಿ. "ನಿಮ್ಮ ರಕ್ತನೇ ತಗೊಂಡು ಮಶೀನ್‌ದಾಗ ತಿರಗಸ್ತೇವಿ. ಪ್ಲೇಟ್‌ಲೆಟ್ ಹೆಚ್ಚಿರೋ ಹಳದಿ ನೀರು ಬ್ಯಾರೆ ಆಗ್ತದ. ಅದನ್ನ ಸಣ್ಣ ಸೂಜೀಲೆ ನೆತ್ತಿಗೆ ಕೊಡ್ತೇವಿ. ಆದ್ರ ಇವತ್ತೇ ಬ್ಯಾಡ. ಮೊದಲ ರಕ್ತ ಪರೀಕ್ಷೆ ಆಗ್ಲಿ. ಮತ್ತ ಒಂದು ಮಾತು, ಎಲ್ಲಾರಿಗೂ ಒಂದೇ ನಮೂನಿ ಫಲ ಸಿಗಂಗಿಲ್ಲ."

ಪರೀಕ್ಷೆಯಲ್ಲಿ ಕಬ್ಬಿಣದಂಶ ತೀರಾ ಕಡಿಮೆ ಎಂದು ಗೊತ್ತಾಯಿತು. ಕೆಲವು ತಿಂಗಳು ಗುಳಿಗೆ ನುಂಗಿದಳು. ಆಮೇಲೆ ಪಿಆರ್‌ಪಿಗೆ ದಿನ ಗೊತ್ತಾಯಿತು. ನೋವಿನ ಗುಳಿಗೆ ತಗೋಬೇಡಿ, ಹೊಟ್ಟೆ ತುಂಬ ಉಂಡು ಬನ್ನಿ, ಕೆಲವರಿಗೆ ತಲೆ ಸುತ್ತುತ್ತದೆ, ಜೊತೆಗೆ ಯಾರನ್ನಾದರೂ ಕರೆತನ್ನಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಕೊನೆಯದೊಂದೇ ಕಷ್ಟವಾದದ್ದು. ಔರಾದ ತಾಲೂಕಿನ ಸಂತಪುರದಲ್ಲಿ ಹೊಲ ನೋಡಿಕೊಂಡಿರುವ ತಮ್ಮ ಕುಣಾಲನಿಗೆ ಫೋನು ಮಾಡಿದಳು.

"ಜೈ ಭೀಮ್ ಅಕ್ಕಾ. ಆರಾಮಿದ್ದೀ?"

"ಆರಾಮಪಾ. ಬೀದರ್‌ದಾಗ ಡಾಕ್ಟರಿಗೆ ತೋರಸ್ಲಾಕತ್ತೀನಿ. ಕೂದ್ಲ ಭಾಳ ಉದರ್ತಾವ."

ಕುಣಾಲ ನಕ್ಕುಬಿಟ್ಟ. "ಕೂದ್ಲಿಗೇನಾ? ನಾನೆಲ್ಲಿ ದೊಡ್ಡ ಜಡ್ಡೇನೋ ಅಂತ ಹೆದರಿದ್ದೆ! ಈ ವಯಸ್ಸಿನಾಗ ಕೂದ್ಲ ತಗೊಂಡು ಏನ್ ಮಾಡ್ತಿ?"

ಅವನ ನಗೆಯಲ್ಲಿ ಕುಹಕವಿರಲಿಲ್ಲ. ಹಿಂದೆ ತೊಗರಿ ರಾಶಿಯ ಯಂತ್ರ ಗಡಗಡ ಸದ್ದು ಮಾಡುತ್ತಿತ್ತು. ಬಾ ಎನ್ನಲು ಬಾಯಿ ಬರದೆ, ಮಕ್ಕಳ ಓದು ಕೇಳಿ ಫೋನು ಇಟ್ಟಳು.

ಗೊತ್ತಾದ ದಿನ ಒಬ್ಬಳೇ ಹೋದಳು. ನರ್ಸ್ ಕಾಜಲ ಎಂಬ ಹುಡುಗಿ ತೋಳಿಗೆ ಪಟ್ಟಿ ಬಿಗಿಯುತ್ತ, "ಜೊತಿಗೆ ಯಾರ ಬಂದಾರ್ರಿ?" ಎಂದಳು.

"ತಮ್ಮ ಬಂದಾನ. ಹೊರಗ ಕುಂತಾನ."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದು ಅವಳಿಗೇ ಆಶ್ಚರ್ಯವಾಯಿತು.

ನೆತ್ತಿ ಮರಗಟ್ಟಿಸುವ ಮದ್ದು ಕೊಟ್ಟಿದ್ದರೂ ಸೂಜಿಗಳು ಚುರುಕು ಮುಟ್ಟಿಸಿದವು. ಹಲ್ಲು ಕಚ್ಚಿ ತಡೆದುಕೊಂಡಳು. ಎಲ್ಲ ಮುಗಿದು ಎದ್ದು ನಿಂತಾಗ ಕಣ್ಣು ಕತ್ತಲೆ ಬಂತು. ಕಾಜಲ ಅವಳನ್ನು ಮಲಗಿಸಿ, ಬಾಗಿಲು ತೆರೆದು ಹೊರಗೆ ಕೂಗಿದಳು. "ಮಹಾಮಾಯಾ ಅವರ ತಮ್ಮ ಯಾರ್ರಿ? ಒಳಗ ಬರ್ರಿ!"

ಯಾರೂ ಏಳಲಿಲ್ಲ. ಕಾಜಲ ಮತ್ತೊಮ್ಮೆ ಕೂಗಿದಳು. ಕಾದು ಕುಳಿತ ಜನ ಒಬ್ಬರ ಮುಖ ಒಬ್ಬರು ನೋಡುವುದು ಮಲಗಿದ್ದಲ್ಲಿಂದಲೇ ಕಾಣುತ್ತಿತ್ತು. ಮಹಾಮಾಯಾ ಗೋಡೆಯತ್ತ ಮುಖ ಹೊರಳಿಸಿದಳು. ಸೂಜಿಗೆ ತಡೆದಿದ್ದ ಕಣ್ಣೀರು ಈಗ ತಡೆಯಲಿಲ್ಲ.

ಕಾಜಲ ಬಾಗಿಲು ಮುಂದೆ ಮಾಡಿ ಬಂದಳು. ಸಕ್ಕರೆ ಹೆಚ್ಚು ಹಾಕಿದ ಚಹಾ ತಂದುಕೊಟ್ಟು, ಕುಡಿದು ಮುಗಿಯುವವರೆಗೂ ಹತ್ತಿರ ಕುಳಿತಳು.

ಮುಂದಿನ ತಿಂಗಳು ಮಹಾಮಾಯಾ ತಾನಾಗಿಯೇ, "ನಾ ಒಬ್ಬಾಕೇ ಬಂದೀನ್ರಿ" ಎಂದಳು. "ಇರ್ಲಿ ಬರ್ರಿ ಅಕ್ಕಾ, ನಾ ಇದ್ದೇನಲ್ಲ" ಎಂದಳು ಕಾಜಲ. ಆದರೆ ಮೂರನೆಯ ಸಲಕ್ಕೆ ಹೋಗುವಷ್ಟರಲ್ಲಿ ಆ ಹುಡುಗಿ ಮದುವೆಯಾಗಿ ಬೇರೆ ಊರಿಗೆ ಹೋಗಿದ್ದಳು.

ಬೇಸಿಗೆ ಕಳೆದ ಮೇಲೆ ಡಾಕ್ಟರು ಮೊದಲಿನ ಫೋಟೋ, ಈಗಿನ ಫೋಟೋ ಎರಡನ್ನೂ ತೋರಿಸಿದರು. ಬೈತಲೆಯ ಅಂಚಿನಲ್ಲಿ ನವಿರಾದ ಹೊಸ ಕೂದಲು ಎದ್ದಿದ್ದವು.

"ಮೊದಲಿನಂಗ ಆಗ್ತಾವೇನ್ರಿ?"

"ಮೊದಲಿನಂಗ ಆಗಂಗಿಲ್ರಿ. ಇದ್ದದ್ದು ಉಳೀತದ, ಸ್ವಲ್ಪ ತುಂಬ್ತದ. ಆಗಾಗ ಬಂದು ತೋರಸ್ರಿ."

ಅಷ್ಟಾದರೂ ಅವಳಿಗೆ ಖುಷಿಯೇ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಯಾರಿಗಾದರೂ ಹೇಳಬೇಕೆನಿಸಿತು. ಮೊಬೈಲಿನ ಹೆಸರುಗಳ ಮೇಲೆ ಬೆರಳಾಡಿಸಿದಳು. ಕುಣಾಲನ ಹೆಸರಿನ ಹತ್ತಿರ ತಡೆದು, ಮೊಬೈಲನ್ನು ಚೀಲಕ್ಕೆ ಹಾಕಿದಳು. ಭಾಲ್ಕಿ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತಿದ್ದ ಗುರುತಿಲ್ಲದ ಮುದುಕಿಗೆ, ಊರು ದಾಟಿದ ಮೇಲೆ, ಮೆಲ್ಲಗೆ ಹೇಳಿದಳು.

"ನನ್ನ ಕೂದ್ಲ ಮತ್ತ ಬರಲಾಕತ್ತಾವ್ರಿ, ಅಮ್ಮಾ."

ಮುದುಕಿ ಅವಳ ತಲೆ ನೋಡಿದಳು, ಮುಖ ನೋಡಿದಳು. "ಛಲೋ ಆಯ್ತ ಬಿಡವ್ವಾ" ಎಂದಳು. ಸ್ವಲ್ಪ ಹೊತ್ತಿಗೆ ಹಲಬರ್ಗಾ ಬಂತು. ಮುದುಕಿ ಗಂಟು ಎತ್ತಿಕೊಂಡು ಇಳಿದು ಹೋದಳು. ಖಾಲಿಯಾದ ಜಾಗದಲ್ಲಿ ಮಹಾಮಾಯಾ ತನ್ನ ಚೀಲ ಇಟ್ಟುಕೊಂಡಳು.